ಕೊಯ್ಲಿನ ನಡುವೆ ಕ್ರಿಸ್‌ಮಸ್

1840ರ ಸುಮಾರಿಗೆ ಬಾಬಾಬುಡನ್‌ಗಿರಿಯ ದಕ್ಷಿಣದ ಬೆಟ್ಟಸಾಲಿನಲ್ಲಿ ಕ್ಯಾನನ್ ಎಂಬ ಐರೋಪ್ಯ ಪ್ಲಾಂಟರ್ ಕಾಫಿ ತೋಟ ಮಾಡಿದ ಬಳಿಕ ಚಿಕ್ಕಮಗಳೂರು, ಮೂಡಿಗೆರೆ ಕಡೆ ನೆಲೆಸಿದ ವಿದೇಶಿ ಪ್ಲಾಂಟರುಗಳಿಗೆ ಕ್ರಿಸ್‌ಮಸ್ ಎದುರಾಗುತ್ತಿದ್ದುದು ಅರೇಬಿಕಾ ಕಾಫಿಯ ಕೊಯ್ಲಿನ ಭರಾಟೆಯಲ್ಲಿ. ಕೊಯ್ದ ಹಣ್ಣನ್ನು ಬೇಗನೆ ಪಲ್ಪರ್‌ಗೆ, ಅಂದರೆ ಸಿಪ್ಪೆ ಬಿಡಿಸುವ ಯಂತ್ರಕ್ಕೆ ಹಾಕಿ, ಲೋಳೆ ತೊಳೆದು, ಬೀಜವನ್ನು ಕಣದಲ್ಲಿ ಒಣಗಿಸಬೇಕಾದ್ದರಿಂದ, ಹಬ್ಬವೆಂದು ಕೆಲಸ ನಿಲ್ಲಿಸಿದರೆ ರಾಶಿಯೇ ಹುಳಿತು ಕೆಡುವ ಭಯವಿರುತ್ತಿತ್ತು. ಇತ್ತ ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಕ್ಯಾಥೊಲಿಕ್ ಕುಟುಂಬಗಳು, ಯೇಸು ಹುಟ್ಟಿದ ಹಟ್ಟಿಯ ಮಾದರಿಯಾದ ಗೋದಲಿಯನ್ನು ಕಟ್ಟುವ, ಕುಸ್ವಾರ್ ಎಂಬ ಹಬ್ಬದ ತಿಂಡಿಗಳನ್ನು ನೆರೆಮನೆಗಳಿಗೆ ಹಂಚುವ ರೂಢಿಯನ್ನು ತಂದವು; ಪ್ಲಾಂಟರುಗಳ ಬಂಗಲೆಯ ಔತಣಕ್ಕಿಂತ ಮಲೆನಾಡಿನಲ್ಲಿ ಬೇರುಬಿಟ್ಟ ಆಚರಣೆ ಇದೇ ಎನ್ನಬೇಕು. ಮುಂದೆ 1963ರಲ್ಲಿ ಚಿಕ್ಕಮಗಳೂರು ಕ್ಯಾಥೊಲಿಕರ ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು, ಅಂದರೆ ಬಿಷಪ್ ಒಬ್ಬರ ಆಡಳಿತದ ಕ್ಷೇತ್ರವಾಯಿತು. ಅದರ ಪ್ರಧಾನ ಚರ್ಚು ಪಟ್ಟಣದ ಸಂತ ಜೋಸೆಫರ ದೇವಾಲಯ.