ಮೈಕಿನ ಮುಂದಿನ ವಿರೋಧ, ಮತದ ಲೆಕ್ಕ

ಬೆಳಗಾವಿಯಲ್ಲಿ ಬೆಳೆದು ಅಮೆರಿಕಕ್ಕೆ ಹೋದವರೊಬ್ಬರು ಅಲ್ಲಿನ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರನ್ನೇ ಕುರ್ಚಿಯಿಂದ ಇಳಿಸಲು ಹೊರಟರು ಅಂತ 2025ರಲ್ಲಿ ನಮ್ಮ ಕಡೆ ದೊಡ್ಡ ಸುದ್ದಿ ಆಗಿತ್ತು. ಹೆಸರು ಶ್ರೀ ಥಾಣೇದಾರ್. ಡೆಮಾಕ್ರಟಿಕ್ ಪಕ್ಷದವರು, ಮಿಷಿಗನ್ ರಾಜ್ಯದಿಂದ ಅಮೆರಿಕದ ಕೆಳಮನೆಗೆ ಆಯ್ಕೆಯಾದವರು. ಏಪ್ರಿಲ್ 28ರಂದು ಅವರು ಟ್ರಂಪ್ ವಿರುದ್ಧ ಏಳು ಆರೋಪಗಳ ವಾಗ್ದಂಡನೆ ನಿರ್ಣಯ ಮಂಡಿಸಿದರು. 'ಬೆಳಗಾವಿ ಮಣ್ಣಿನ ಮಗ ಟ್ರಂಪ್‌ಗೆ ಸೆಡ್ಡು' ಅನ್ನುವ ಧಾಟಿಯಲ್ಲಿ ಸುದ್ದಿ ಓಡಿತು.

ಆಮೇಲೆ ಏನಾಯಿತು? ಅದನ್ನು ನೋಡಿದವರು ಕಡಿಮೆ. ಮೇ ತಿಂಗಳಲ್ಲಿ ಥಾಣೇದಾರ್ ತಮ್ಮ ನಿರ್ಣಯವನ್ನು ಮತಕ್ಕೆ ಹಾಕಲೇಬೇಕು ಎಂದು ಪಟ್ಟು ಹಿಡಿದರು. ಅಲ್ಲಿನ ನಿಯಮದ ಪ್ರಕಾರ ಅಂಥ ಬೇಡಿಕೆ ಬಂದರೆ ಸದನ ಎರಡು ಕಲಾಪದ ದಿನಗಳ ಒಳಗೆ ಅದನ್ನು ಕೈಗೆತ್ತಿಕೊಳ್ಳಬೇಕು. ಆದರೆ ಅವರ ಪಕ್ಷದವರೇ ಜೊತೆಗೆ ನಿಲ್ಲಲಿಲ್ಲ. ಮೇ 14ರಂದು, ಮತದಾನದ ಹೊಸ್ತಿಲಿನಲ್ಲಿ ಅವರು ಹಿಂದೆ ಸರಿದರು. ಜೂನ್ 24ರಂದು ಅದೇ ಪಕ್ಷದ ಅಲ್ ಗ್ರೀನ್ ತಮ್ಮದೇ ಇನ್ನೊಂದು ವಾಗ್ದಂಡನೆ ನಿರ್ಣಯ ತಂದು, ಹಿಂದೆ ಸರಿಯದೆ ನಿಂತರು. ಅದನ್ನು ಬದಿಗಿಡಬೇಕು ಎನ್ನುವವರು 344, ಬೇಡ ಎನ್ನುವವರು 79. ಬದಿಗಿಟ್ಟವರಲ್ಲಿ 128 ಜನ ಡೆಮಾಕ್ರಟಿಕ್ ಪಕ್ಷದವರೇ! ಟಿವಿಯಲ್ಲಿ ದಿನಾ ಟ್ರಂಪ್ ಅವರನ್ನು ಬೈಯುವ ಪಕ್ಷದವರು ಸ್ವಾಮಿ.

ಅವರು ಮಾಡಿದ್ದು ಸರಿಯೋ ತಪ್ಪೋ ಅನ್ನುವ ಚರ್ಚೆ ಬೇರೆ. ಗೆಲ್ಲದ ನಿರ್ಣಯಕ್ಕೆ ಯಾಕೆ ಶಕ್ತಿ ಹಾಳು ಮಾಡಬೇಕು ಎಂಬ ವಾದವೂ ಇದೆ. ನಾನು ಹೇಳಹೊರಟಿದ್ದು ಇಷ್ಟೇ: ಯಾರು ಯಾವ ಕಡೆ ನಿಂತರು ಅನ್ನೋದು ಹೆಸರು ಸಮೇತ ದಾಖಲೆಯಲ್ಲಿದೆ. ಡೆಟ್ರಾಯ್ಟಿನ ಸಾಮಾನ್ಯ ಮತದಾರ ಅದನ್ನು ತೆಗೆದು ನೋಡಬಹುದು, ತನ್ನ ಪ್ರತಿನಿಧಿಯ ಮಾತಿಗೂ ಮತಕ್ಕೂ ತಾಳೆ ಹಾಕಬಹುದು.

ಈ ತಾಳೆ ಹಾಕುವ ಕೆಲಸ ಎಷ್ಟು ಕಣ್ಣು ತೆರೆಸುತ್ತೆ ಅನ್ನೋದಕ್ಕೆ ಒಂದೇ ದಿನದ ಕಥೆ ಸಾಕು. 2017ರ ಅಕ್ಟೋಬರ್ 24. ಟ್ರಂಪ್ ಅವರದೇ ರಿಪಬ್ಲಿಕನ್ ಪಕ್ಷದ ಸೆನೆಟರ್ ಜೆಫ್ ಫ್ಲೇಕ್ ಮೇಲ್ಮನೆಯಲ್ಲಿ ಎದ್ದು ನಿಂತು ಅಧ್ಯಕ್ಷರ ನಡವಳಿಕೆಯನ್ನು ಕಟುವಾಗಿ ಖಂಡಿಸಿದರು. ಮತ್ತೆ ಚುನಾವಣೆಗೆ ನಿಲ್ಲುವುದಿಲ್ಲ ಎಂದೂ ಘೋಷಿಸಿದರು. ಜಗತ್ತಿನ ಚಾನೆಲ್‌ಗಳೆಲ್ಲ ಆ ಭಾಷಣ ತೋರಿಸಿದವು. ಅದೇ ರಾತ್ರಿ ಸೆನೆಟ್‌ನಲ್ಲಿ ಒಂದು ಮತದಾನ ಇತ್ತು. ಬ್ಯಾಂಕುಗಳಿಂದ ಅನ್ಯಾಯವಾದ ಗ್ರಾಹಕರು ಒಟ್ಟಾಗಿ ಕೋರ್ಟಿಗೆ ಹೋಗಲು ಅವಕಾಶ ಕೊಡುವ ನಿಯಮವನ್ನು ರದ್ದು ಮಾಡುವ ನಿರ್ಣಯ. ರದ್ದಾಗಲಿ ಅನ್ನೋದು ಟ್ರಂಪ್ ಸರ್ಕಾರದ ನಿಲುವು. ಮತ ಬಿದ್ದದ್ದು 50–50. ಉಪಾಧ್ಯಕ್ಷ ಮೈಕ್ ಪೆನ್ಸ್ ತಮ್ಮ ಮತ ಹಾಕಿ 51–50ಕ್ಕೆ ಗೆಲ್ಲಿಸಿದರು. ಆ ಐವತ್ತರಲ್ಲಿ ಒಂದು ಫ್ಲೇಕ್ ಅವರದು. ಹಗಲು ಭಾಷಣ ವಿರೋಧ, ರಾತ್ರಿ ಮತ ಪರ.

ಫ್ಲೇಕ್ ಸುಳ್ಳುಗಾರ ಅಂತ ನಾನು ಹೇಳುತ್ತಿಲ್ಲ. ವ್ಯಕ್ತಿಯನ್ನು ವಿರೋಧಿಸುವುದು ಬೇರೆ, ನೀತಿಯನ್ನು ಒಪ್ಪುವುದು ಬೇರೆ. ಎರಡನ್ನೂ ಒಟ್ಟಿಗೆ ಪ್ರಾಮಾಣಿಕವಾಗಿ ಮಾಡಬಹುದು. ಆದರೆ ಮತದ ಪಟ್ಟಿ ಇಲ್ಲದಿದ್ದರೆ ನಮಗೆ ಗೊತ್ತಾಗುತ್ತಿದ್ದದ್ದು ಅರ್ಧ ಮನುಷ್ಯ ಮಾತ್ರ. ಅದೇ ರಾಜ್ಯದ ಇನ್ನೊಬ್ಬ ರಿಪಬ್ಲಿಕನ್, ಜಾನ್ ಮೆಕೇನ್, ಅದೇ ವರ್ಷ ಜುಲೈ 28ರ ನಸುಕಿನಲ್ಲಿ ಹೆಬ್ಬೆರಳು ಕೆಳಗೆ ಮಾಡಿ ತೋರಿಸಿ ಆರೋಗ್ಯ ವಿಮೆ ಕಾಯ್ದೆ ರದ್ದತಿಯ ಪ್ರಸ್ತಾವವನ್ನು 49–51ರಲ್ಲಿ ಬೀಳಿಸಿದರು. ಭಾಷಣಕ್ಕಿಂತ ಆ ಹೆಬ್ಬೆರಳು ದೊಡ್ಡದಾಗಿ ಕೇಳಿಸಿತು.

ಈಗ ನಮ್ಮೂರಿಗೆ ಬರೋಣ.

ಕನ್ನಡದಲ್ಲಿ ಒಂದು ತಮಾಷೆ ಇದೆ. ಅಮೆರಿಕದ ದೊರೆಗೂ 'ಅಧ್ಯಕ್ಷ' ಅಂತೀವಿ, ಪಕ್ಷದ ಮುಖ್ಯಸ್ಥನಿಗೂ 'ಅಧ್ಯಕ್ಷ' ಅಂತೀವಿ. ದಿಲ್ಲಿಯಲ್ಲಿ ಇರುವವರು ಮಾತ್ರ ರಾಷ್ಟ್ರಪತಿ. ನಮ್ಮ ಶಾಸಕನ ತಲೆಯ ಮೇಲೆ ನಿಜವಾಗಿ ಕೂತಿರುವ ಅಧ್ಯಕ್ಷ ಯಾರು ಅಂದರೆ, ಪಕ್ಷದ ಅಧ್ಯಕ್ಷ. ಟಿಕೆಟ್ ಅವರ ಕೈಯಲ್ಲಿ, ನೋಟಿಸ್ ಅವರ ಕೈಯಲ್ಲಿ. ಹಾಗಾಗಿ ಇಲ್ಲಿ 'ಅಧ್ಯಕ್ಷರ ವಿರುದ್ಧ ಶಾಸಕ' ಅನ್ನೋ ಕಥೆಯೂ ಪಕ್ಷದ ಒಳಗೇ ನಡೆಯುತ್ತೆ.

ವಿಜಯಪುರ ನಗರದ ಶಾಸಕ ಬಸನಗೌಡ ಪಾಟೀಲ ಯತ್ನಾಳ ಅವರನ್ನೇ ನೋಡಿ. ಬಿ.ವೈ. ವಿಜಯೇಂದ್ರ 2023ರ ನವೆಂಬರ್‌ನಲ್ಲಿ ಬಿಜೆಪಿ ರಾಜ್ಯಾಧ್ಯಕ್ಷರಾದ ಮೇಲೆ ಯತ್ನಾಳ ಬಹಿರಂಗವಾಗಿಯೇ ವಿರೋಧಿಸಿದರು. 2025ರ ಮಾರ್ಚ್ 26ರಂದು ಪಕ್ಷ ಅವರನ್ನು ಆರು ವರ್ಷ ಉಚ್ಚಾಟಿಸಿತು. ಅದು ಮಾತಿಗೆ ಸಿಕ್ಕ ಶಿಕ್ಷೆ. ಇನ್ನು ಮತಕ್ಕೆ ಸಿಕ್ಕ ಶಿಕ್ಷೆ ನೋಡಿ. 2024ರ ಫೆಬ್ರವರಿ 27ರ ರಾಜ್ಯಸಭಾ ಚುನಾವಣೆಯಲ್ಲಿ ಯಶವಂತಪುರದ ಬಿಜೆಪಿ ಶಾಸಕ ಎಸ್.ಟಿ. ಸೋಮಶೇಖರ್ ಕಾಂಗ್ರೆಸ್ ಅಭ್ಯರ್ಥಿಗೆ ಮತ ಹಾಕಿದರು. ಯಲ್ಲಾಪುರದ ಶಿವರಾಂ ಹೆಬ್ಬಾರ್ ಮತದಾನಕ್ಕೇ ಬರಲಿಲ್ಲ. 2025ರ ಮೇ 27ರಂದು ಇಬ್ಬರೂ ಆರು ವರ್ಷ ಪಕ್ಷದಿಂದ ಹೊರಗೆ.

ಆದರೆ ಉಚ್ಚಾಟನೆ ಆಯಿತೆಂದು ಈ ಮೂವರಲ್ಲಿ ಯಾರ ಶಾಸಕ ಸ್ಥಾನವೂ ಹೋಗಲಿಲ್ಲ. ಯಾಕೆ? ಇಲ್ಲೇ ಕಾನೂನಿನ ಗಂಟು ಇರೋದು. ಸ್ವಲ್ಪ ತಾಳ್ಮೆಯಿಂದ ಕೇಳಿ.

1985ರಲ್ಲಿ ಸಂವಿಧಾನದ 52ನೇ ತಿದ್ದುಪಡಿ ಬಂತು, ಹತ್ತನೇ ಅನುಸೂಚಿ ಸೇರಿತು. ಅದೇ ಪಕ್ಷಾಂತರ ನಿಷೇಧ ಕಾನೂನು. ಸದನದ ಒಳಗೆ ಪಕ್ಷದ ವಿಪ್ ಮೀರಿ ಮತ ಹಾಕಿದರೆ, ಅಥವಾ ಮತದಾನಕ್ಕೆ ಗೈರಾದರೆ, ಮೊದಲೇ ಅನುಮತಿ ಪಡೆದಿರದಿದ್ದರೆ, ಪಕ್ಷ 15 ದಿನದೊಳಗೆ ಮನ್ನಿಸದಿದ್ದರೆ, ಸ್ಥಾನ ಹೋಗುತ್ತೆ. ಪಕ್ಷವನ್ನು ತಾನಾಗಿ ಬಿಟ್ಟರೂ ಹೋಗುತ್ತೆ. ಆದರೆ ಪಕ್ಷವೇ ಹೊರಹಾಕಿದರೆ ಹೋಗಲ್ಲ! ರಾಜ್ಯಸಭಾ ಚುನಾವಣೆ ಸದನದ ಕಲಾಪ ಅಲ್ಲ. ಅಲ್ಲಿ ಶಾಸಕ ಮತಪತ್ರವನ್ನು ತನ್ನ ಪಕ್ಷದ ಏಜೆಂಟನಿಗೆ ತೋರಿಸಿಯೇ ಹಾಕಬೇಕು, ಆದರೆ ಬೇರೆಯವರಿಗೆ ಹಾಕಿದ ಮಾತ್ರಕ್ಕೆ ಸ್ಥಾನ ಹೋಗಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಸ್ಪಷ್ಟಪಡಿಸಿದೆ. ಅಂದರೆ ಸದನದ ಹೊರಗೆ ವಿರೋಧಿಸಲು ದಾರಿ ಇದೆ, ಸದನದ ಒಳಗೆ ಮತ ಹಾಕಿ ವಿರೋಧಿಸಲು ದಾರಿ ಇಲ್ಲ.

ಈ ಕಾನೂನು ಸುಮ್ಮನೆ ಬಂದದ್ದಲ್ಲ. 1967ರಲ್ಲಿ ಹರಿಯಾಣದ ಗಯಾ ಲಾಲ್ ಎಂಬ ಶಾಸಕ ದಿನಕ್ಕೊಂದು ಪಕ್ಷ ಬದಲಿಸಿ 'ಆಯಾ ರಾಮ್ ಗಯಾ ರಾಮ್' ಅನ್ನೋ ಮಾತನ್ನೇ ದೇಶಕ್ಕೆ ಕೊಟ್ಟರು. ಸಂತೆ ನಿಲ್ಲಬೇಕಿತ್ತು, ಕಾನೂನು ಬಂತು. ಸಂತೆ ನಿಂತಿತಾ? ನಮ್ಮಲ್ಲಿ ರಾಜೀನಾಮೆ ಎಂಬ ಹಿಂಬಾಗಿಲು ಕಂಡುಕೊಂಡರು. 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99–105ರಲ್ಲಿ ಬಿತ್ತು. 17 ಶಾಸಕರು ಅನರ್ಹರಾದರು. ಸುಪ್ರೀಂ ಕೋರ್ಟ್ ಅನರ್ಹತೆ ಎತ್ತಿ ಹಿಡಿಯಿತು, ಆದರೆ ಮತ್ತೆ ಚುನಾವಣೆಗೆ ನಿಲ್ಲಬಹುದು ಎಂದಿತು. ಆ 17ರಲ್ಲಿ ಸೋಮಶೇಖರ್, ಹೆಬ್ಬಾರ್ ಇಬ್ಬರೂ ಇದ್ದರು. ಡಿಸೆಂಬರ್ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದು ಮಂತ್ರಿಗಳೂ ಆದರು. ಪಕ್ಷ ಬಿಡುವವನಿಗೆ ಬಾಗಿಲು ಇದೆ. ಪಕ್ಷದಲ್ಲೇ ಇದ್ದು ಒಂದೇ ಒಂದು ಮಸೂದೆಗೆ 'ಇದು ನನ್ನ ಕ್ಷೇತ್ರಕ್ಕೆ ಒಳ್ಳೆಯದಲ್ಲ' ಅನ್ನುವವನಿಗೆ ಬಾಗಿಲು ಇಲ್ಲ. ಕಾನೂನು ಹಿಡಿಯಬೇಕಾದವನನ್ನು ಬಿಟ್ಟು ಬಿಡಬೇಕಾದವನನ್ನು ಹಿಡಿದ ಹಾಗಾಯಿತು.

ಹಿಂದೆ ಹೀಗಿರಲಿಲ್ಲ. 1969ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದವರು ನಮ್ಮ ಎಸ್. ನಿಜಲಿಂಗಪ್ಪ. ಬೆಂಗಳೂರಿನಲ್ಲಿ ಕೂತು ಪಕ್ಷ ರಾಷ್ಟ್ರಪತಿ ಸ್ಥಾನಕ್ಕೆ ನೀಲಂ ಸಂಜೀವ ರೆಡ್ಡಿ ಅವರನ್ನು ಆರಿಸಿತು. ಪ್ರಧಾನಿ ಇಂದಿರಾ ಗಾಂಧಿ 'ಆತ್ಮಸಾಕ್ಷಿ ಮತ' ಎಂದರು. ಅಧ್ಯಕ್ಷರ ಅಭ್ಯರ್ಥಿ ಸೋತು ವಿ.ವಿ. ಗಿರಿ ರಾಷ್ಟ್ರಪತಿಯಾದರು. ನವೆಂಬರ್‌ನಲ್ಲಿ ನಿಜಲಿಂಗಪ್ಪ ಇಂದಿರಾ ಅವರನ್ನೇ ಉಚ್ಚಾಟಿಸಿದರು, ಪಕ್ಷ ಎರಡಾಯಿತು. ಅದು ಆತ್ಮಸಾಕ್ಷಿಯೋ ಅಧಿಕಾರದ ಜಗಳವೋ, ಇತಿಹಾಸಕಾರರು ಹೇಳಲಿ. ಆದರೆ ಶಾಸಕ, ಸಂಸದರ ಮತಕ್ಕೆ ಪಕ್ಷದ ಅಧ್ಯಕ್ಷರನ್ನೂ ಸೋಲಿಸುವ ತೂಕ ಇತ್ತು.

ಸರಿ, ಮತ ಹಾಕೋಕೆ ಸ್ವಾತಂತ್ರ್ಯ ಇಲ್ಲ ಅಂತಾಯ್ತು. ಹಾಕಿದ ಮತವಾದರೂ ನಮಗೆ ಕಾಣುತ್ತಾ? ಅದೂ ಇಲ್ಲ. ನಮ್ಮ ಸದನಗಳಲ್ಲಿ ಬಹುಪಾಲು ಮಸೂದೆ ಪಾಸಾಗೋದು ಧ್ವನಿಮತದಿಂದ. 'ಪರವಾಗಿರುವವರು ಹೌದು ಎನ್ನಿ, ವಿರೋಧಿಸುವವರು ಇಲ್ಲ ಎನ್ನಿ.' ಗದ್ದಲದಲ್ಲಿ ಯಾವ ಗಂಟಲು ಯಾರದು? ಇಂಜಿನಿಯರಿಂಗ್ ಓದಿದ ನನಗೆ ಇದು ಮೀಟರ್ ಇಲ್ಲದ ಕನೆಕ್ಷನ್ ಥರ ಕಾಣುತ್ತೆ. ಕರೆಂಟ್ ಹರಿಯುತ್ತಿದೆ, ಬಿಲ್ಲೂ ಬರುತ್ತೆ, ಎಷ್ಟು ಉರಿಸಿದರು ಅಂತ ಅಳೆಯೋ ಉಪಕರಣ ಮಾತ್ರ ಇಲ್ಲ.

ಅಳೆದರೆ ಎಷ್ಟು ವ್ಯತ್ಯಾಸ ಆಗುತ್ತೆ ಅನ್ನೋದಕ್ಕೆ 2010ರ ಅಕ್ಟೋಬರ್ ಸಾಕ್ಷಿ. 11ನೇ ತಾರೀಕು ಯಡಿಯೂರಪ್ಪ ಸರ್ಕಾರ ಭಾರೀ ಗದ್ದಲದ ನಡುವೆ ಧ್ವನಿಮತದಿಂದ ವಿಶ್ವಾಸ ಗೆದ್ದಿತು. ಹಿಂದಿನ ದಿನವಷ್ಟೇ 16 ಶಾಸಕರನ್ನು ಅನರ್ಹಗೊಳಿಸಲಾಗಿತ್ತು. ರಾಜ್ಯಪಾಲರು ಮತ್ತೊಮ್ಮೆ ಬಹುಮತ ಸಾಬೀತು ಮಾಡಿ ಎಂದರು. 14ನೇ ತಾರೀಕು ತಲೆ ಎಣಿಸಿದರು: 106–100. ಮುಂದಿನ ವರ್ಷ ಮೇನಲ್ಲಿ ಸುಪ್ರೀಂ ಕೋರ್ಟ್ ಆ 16 ಜನರ ಅನರ್ಹತೆಯನ್ನೇ ರದ್ದು ಮಾಡಿತು. ಆರು ಮತದ ಅಂತರ, ಹದಿನಾರು ಜನ ಹೊರಗೆ. ಲೆಕ್ಕ ನೀವೇ ಹಾಕಿ. ಧ್ವನಿಮತದಲ್ಲಿ ಈ ಅಂಕಿ ಯಾವುದೂ ಕಾಣುತ್ತಿರಲಿಲ್ಲ.

ಇನ್ನೂ ಹತ್ತಿರದ್ದು ಹೇಳ್ತೀನಿ. 2025ರ ಮಾರ್ಚ್ 21. ವಿಧಾನಸಭೆಯಲ್ಲಿ ಕಾಗದ ಹರಿದು ಸ್ಪೀಕರ್ ಪೀಠದ ಕಡೆ ತೂರಿದರು, 18 ಬಿಜೆಪಿ ಶಾಸಕರು ಆರು ತಿಂಗಳಿಗೆ ಅಮಾನತಾದರು. ಎಲ್ಲ ಕ್ಯಾಮೆರಾ ಆ ಕಡೆ. ಅದೇ ಗದ್ದಲದಲ್ಲಿ ಚರ್ಚೆಯೇ ಇಲ್ಲದೆ ಪಾಸಾದ ಮಸೂದೆಗಳಲ್ಲಿ ಶಾಸಕರ ಸಂಬಳ ಹೆಚ್ಚಳದ್ದೂ ಒಂದು. ತಿಂಗಳ ಮೂಲ ವೇತನ 40,000 ಇದ್ದದ್ದು 80,000 ಆಯಿತು. ನಿಮ್ಮ ಶಾಸಕರು ಅದಕ್ಕೆ ಹೌದು ಅಂದ್ರಾ, ಇಲ್ಲ ಅಂದ್ರಾ? ಹೆಸರು ಹಿಡಿದು ಹೇಳುವ ಪಟ್ಟಿ ಇಲ್ಲ. ಜಗಳ ಇರುವಲ್ಲಿ ಶಬ್ದ ಕೇಳುತ್ತೆ, ಒಪ್ಪಂದ ಇರುವಲ್ಲಿ ಶಬ್ದವೇ ಬರಲ್ಲ.

ದಾಖಲೆ ಇಡೋದು ಅಸಾಧ್ಯ ಅಂತಲ್ಲ. 2023ರ ಸೆಪ್ಟೆಂಬರ್ 20ರಂದು ಲೋಕಸಭೆಯಲ್ಲಿ ಮಹಿಳಾ ಮೀಸಲಾತಿ ಮಸೂದೆ 454–2ರಲ್ಲಿ ಪಾಸಾಯಿತು. ವಿರೋಧಿಸಿದ ಇಬ್ಬರ ಹೆಸರು ದೇಶಕ್ಕೇ ಗೊತ್ತಾಯಿತು. ಸಂವಿಧಾನ ತಿದ್ದುಪಡಿಗೆ ವಿಶೇಷ ಬಹುಮತ ಬೇಕು, ಅದಕ್ಕೆ ಎಣಿಸಲೇಬೇಕು. ಉಳಿದ ಮಸೂದೆಗೂ ಎಣಿಸಬಹುದು. ಧ್ವನಿಮತದ ಫಲಿತಾಂಶ ಪ್ರಶ್ನಿಸಿ ಸದಸ್ಯರು 'ಮತವಿಭಜನೆ ಬೇಕು' ಎಂದು ಕೇಳಬಹುದು. ಕೇಳುವವರು ಕಡಿಮೆ.

ಕಾನೂನನ್ನು ಸಡಿಲಿಸುವ ದಾರಿಯೂ ಹೊಸದಲ್ಲ. ವಿಪ್ ಮೀರಿದರೆ ಅನರ್ಹತೆ ಅನ್ನೋದು ವಿಶ್ವಾಸಮತದಂಥ ಸರ್ಕಾರ ಉಳಿಯುವ-ಬೀಳುವ ವಿಷಯಕ್ಕೆ ಮಾತ್ರ ಇರಲಿ ಎಂದು ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ ಹೇಳಿತ್ತು. ಹತ್ತನೇ ಅನುಸೂಚಿಯನ್ನು ಎತ್ತಿಹಿಡಿದ 1992ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಹೆಚ್ಚುಕಡಿಮೆ ಇದೇ ಆಶಯ ವ್ಯಕ್ತಪಡಿಸಿತ್ತು. ಯಾವ ಪಕ್ಷದ ಸರ್ಕಾರವೂ ಅದನ್ನು ಮುಟ್ಟಲಿಲ್ಲ. ಅಧಿಕಾರದಲ್ಲಿ ಇರುವ ಯಾರಿಗೆ ತಾನೆ ಬೇಕು, ಹೇಳಿ?

ನಾನು ಭೀಮಾ ದಂಡೆಯ ಮಣ್ಣೂರಿನವನು. ನಮ್ಮ ಅಫಜಲಪುರ, ಪಕ್ಕದ ಆಳಂದ, ಜೇವರ್ಗಿ ಕಡೆ ಜನ ರಾಜಕೀಯವನ್ನು ಚಹಾದ ಜೊತೆ ಕುಡಿಯುತ್ತಾರೆ. ಆಳಂದದ ಕಾಂಗ್ರೆಸ್ ಶಾಸಕ ಬಿ.ಆರ್. ಪಾಟೀಲ್ 2025ರ ಜೂನ್‌ನಲ್ಲಿ ತಮ್ಮದೇ ಸರ್ಕಾರದ ವಸತಿ ಯೋಜನೆಯಲ್ಲಿ ದುಡ್ಡು ಕೊಟ್ಟವರಿಗೆ ಮನೆ ಎಂದು ಆರೋಪಿಸಿದಾಗ ರಾಜ್ಯವೇ ತಿರುಗಿ ನೋಡಿತು. ಇಂಥ ಮಾತಿಗೆ ಬೆಲೆ ಇದೆ. ಎಷ್ಟೋ ಹೂತುಹೋದ ಸಂಗತಿ ಹೊರಬರೋದು ಹೀಗೆ. ಆದರೆ ಯಾರೇ ಶಾಸಕರು ಮೈಕಿನ ಮುಂದೆ ಬಂಡಾಯ ಹೇಳಿದಾಗ ನಮ್ಮ ಕಡೆಯ ಹಿರಿಯರು ಕೇಳೋ ಪ್ರಶ್ನೆ ನನಗೆ ಹಿಡಿಸುತ್ತೆ: 'ಟಿವ್ಯಾಗ ಇಷ್ಟು ಒದರತಾನ ಖರೆ, ಒಳಗ ಕೈ ಎತ್ತಿದ್ದು ಯಾರ ಕಡಿಗಿರಿ?'

ಆ ಪ್ರಶ್ನೆಗೆ ಉತ್ತರ ಹುಡುಕೋಕೆ ಇವತ್ತು ನಮ್ಮ ಹತ್ತಿರ ಇರೋದು ಮೂರು ದಾರಿ. ಒಂದು, ನಿಮ್ಮ ಶಾಸಕರು ಆ ವಿಷಯದ ಮೇಲೆ ಸದನದಲ್ಲಿ ಲಿಖಿತ ಪ್ರಶ್ನೆ ಕೇಳಿದ್ದಾರಾ? ಅದು ದಾಖಲೆಯಲ್ಲಿ ಇರುತ್ತೆ. ಎರಡು, ಮಸೂದೆ ಬಂದ ದಿನ ಎದ್ದು ಮಾತಾಡಿದ್ದಾರಾ, ಇಲ್ಲಾ ಅವತ್ತೇ ಕ್ಷೇತ್ರದಲ್ಲಿ ಮದುವೆಗೆ ಹೋಗಿದ್ದರಾ? ವಿಪ್ ಇರುವಾಗಲೂ ಸದನದಲ್ಲಿ ಮಾತಾಡಿ ಆಕ್ಷೇಪ ದಾಖಲಿಸಬಹುದು. ಮೂರು, ವಿರೋಧ ಪಕ್ಷದಲ್ಲಿದ್ದರೆ ಮತವಿಭಜನೆ ಕೇಳಿದ್ದಾರಾ? ಸೋಲುತ್ತೇವೆ ಅಂತ ಗೊತ್ತಿದ್ದೂ ಕೇಳೋದಕ್ಕೆ ಅರ್ಥ ಇದೆ. ಅಲ್ ಗ್ರೀನ್ ಕೂಡ ಸೋತರು, ಆದರೆ ಯಾರು ಎಲ್ಲಿ ನಿಂತರು ಅನ್ನೋದು ಕಾಗದದ ಮೇಲೆ ಉಳಿಯಿತು.

ಮುಂದಿನ ಅಧಿವೇಶನ ಮುಗಿಸಿ ನಿಮ್ಮ ಶಾಸಕರು ಊರಿಗೆ ಬಂದಾಗ ಹಾರ ಹಾಕಿ, ಬೇಡ ಅನ್ನಲ್ಲ. ಹಾಕಿದ ಮೇಲೆ ಈ ಮೂರು ಪ್ರಶ್ನೆ ಕೇಳಿ. ಉತ್ತರ ಕೊಟ್ಟರೆ ಬರೆದಿಟ್ಟುಕೊಳ್ಳಿ, ತಾರೀಕು ಸಮೇತ.