ಟೈಮಿಂಗ್ ಬೆಲ್ಟ್ ಬದಲಾವಣೆ: ಹಳೆಯ ಕಾರುಗಳ ಮಾಲೀಕರ ಗಮನಕ್ಕೆ

ಖಾಸಗಿ ಕಾರಿನ ನೋಂದಣಿಯು ಮೋಟಾರು ವಾಹನ ಕಾಯ್ದೆ, 1988ರ ಕಲಂ 41ರ ಮೇರೆಗೆ 15 ವರ್ಷಗಳವರೆಗೆ ಊರ್ಜಿತದಲ್ಲಿರುತ್ತದೆ. ತದನಂತರ ನಮೂನೆ-25ರಲ್ಲಿ ಅರ್ಜಿ ಸಲ್ಲಿಸಿ, ವಾಹನವನ್ನು ತಪಾಸಣೆಗೆ ಹಾಜರುಪಡಿಸಿ, 5 ವರ್ಷಗಳ ಅವಧಿಗೆ ನವೀಕರಿಸಿಕೊಳ್ಳಬಹುದಾಗಿದೆ. ತಪಾಸಣೆಯಲ್ಲಿ ಬ್ರೇಕ್, ಸ್ಟೀರಿಂಗ್, ದೀಪ, ಟೈರು, ಹೊಗೆ ಮುಂತಾದವುಗಳನ್ನು ಪರಿಶೀಲಿಸಲಾಗುತ್ತದೆ. ಇಂಜಿನ್ನಿನ ಹೊದಿಕೆಯನ್ನು ಕಳಚಿ ಟೈಮಿಂಗ್ ಬೆಲ್ಟನ್ನು ನೋಡುವುದಿಲ್ಲ. ಆದುದರಿಂದ ನವೀಕೃತ ನೋಂದಣಿ ಪತ್ರವನ್ನು ಬೆಲ್ಟ್ ಸುಸ್ಥಿತಿಯಲ್ಲಿದೆ ಎಂಬುದಕ್ಕೆ ಪುರಾವೆಯೆಂದು ಭಾವಿಸತಕ್ಕದ್ದಲ್ಲ.

ಹಲ್ಲುಗಳುಳ್ಳ ಈ ರಬ್ಬರ್ ಪಟ್ಟಿಯು ಕ್ರ್ಯಾಂಕ್ ಶಾಫ್ಟಿನ ಚಲನೆಯನ್ನು ಕ್ಯಾಮ್ ಶಾಫ್ಟಿಗೆ ತಲುಪಿಸುತ್ತದೆ. ಮೊದಲನೆಯದು ಎರಡು ಸುತ್ತು ತಿರುಗಿದಾಗ ಎರಡನೆಯದು ಒಂದು ಸುತ್ತು ತಿರುಗಿ, ವಾಲ್ವುಗಳನ್ನು ಸಕಾಲಕ್ಕೆ ತೆರೆದು ಮುಚ್ಚಿಸುತ್ತದೆ. ಬೆಲ್ಟ್ ತುಂಡಾದಲ್ಲಿ ಇಂಜಿನ್ ತಕ್ಷಣವೇ ನಿಲ್ಲುತ್ತದೆ. ಡೀಸೆಲ್ ಇಂಜಿನ್ನುಗಳಲ್ಲಿ ಮತ್ತು ಹಲವು ಪೆಟ್ರೋಲ್ ಇಂಜಿನ್ನುಗಳಲ್ಲಿ ಪಿಸ್ಟನ್ನುಗಳು ತೆರೆದ ವಾಲ್ವುಗಳಿಗೆ ಬಡಿದು ಅವು ಬಾಗುತ್ತವೆ. ಹಳೆಯ ಕಾರಿನ ವಿಷಯದಲ್ಲಿ ಆ ದುರಸ್ತಿಯ ವೆಚ್ಚವು ಕಾರಿನ ಬೆಲೆಗೇ ಸಮೀಪಿಸುವುದುಂಟು. 2014ರಲ್ಲಿ ತಯಾರಿಕೆ ನಿಂತ ಮಾರುತಿ 800 ಹಾಗೂ 1.4 ಲೀಟರ್ ಡೀಸೆಲ್ ಇಂಡಿಕಾ ಬೆಲ್ಟ್ ಹೊಂದಿರುವ ಕಾರುಗಳು. 1.3 ಲೀಟರ್ ಡೀಸೆಲ್ ಸ್ವಿಫ್ಟ್‌ನಂತಹವುಗಳಲ್ಲಿ ಚೈನ್ ಇರುತ್ತದೆ. ಅವುಗಳಿಗೆ ಈ ಮಾಹಿತಿ ಅನ್ವಯಿಸುವುದಿಲ್ಲ.

ಬದಲಾವಣೆಯ ಅವಧಿಯನ್ನು ಕಾರಿನೊಂದಿಗೆ ನೀಡಲಾಗುವ ಮಾಲೀಕರ ಕೈಪಿಡಿಯಲ್ಲಿ ನೋಡತಕ್ಕದ್ದು. ಅನೇಕ ಕಾರುಗಳಿಗೆ ಇದು 60,000ದಿಂದ 1,00,000 ಕಿ.ಮೀ. ನಡುವೆ ಇದ್ದು, ಜೊತೆಗೆ ವರ್ಷಗಳ ಮಿತಿಯೂ ಇರುತ್ತದೆ. ಇವೆರಡರಲ್ಲಿ ಯಾವುದು ಮೊದಲೋ ಅದೇ ಅನ್ವಯ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿಯಂತಹ ಗ್ರಾಮೀಣ ಭಾಗದಲ್ಲಿ ಕಾರು ಹೆಚ್ಚಾಗಿ ಮನೆಯ ಮುಂದೆಯೇ ನಿಂತಿದ್ದು, ಮದುವೆಗೋ ಆಸ್ಪತ್ರೆಗೋ ತಾಲ್ಲೂಕು ಕೇಂದ್ರದ ಕೆಲಸಕ್ಕೋ ಮಾತ್ರ ಹೊರಡುವುದು ಸಾಮಾನ್ಯ. ಮೀಟರಿನಲ್ಲಿ 40,000 ಕಿ.ಮೀ. ಮಾತ್ರ ಕಂಡರೂ, ಶಾಖ ಮತ್ತು ವಯಸ್ಸಿನಿಂದ ರಬ್ಬರ್ ಗಡುಸಾಗಿ ಬಿರುಕು ಬಿಟ್ಟಿರಬಹುದು. ಇಂತಹ ಕಾರುಗಳಿಗೆ ಕಿ.ಮೀ.ಗಿಂತ ವರ್ಷಗಳ ಲೆಕ್ಕವೇ ಮುಖ್ಯ.

ಶಬ್ದದಿಂದಲೇ ಮುನ್ಸೂಚನೆ ದೊರೆಯುವುದೆಂಬ ನಂಬಿಕೆ ವ್ಯಾಪಕವಾಗಿದೆ, ಅದು ಸರಿಯಲ್ಲ. ಕೀರಲು ಶಬ್ದವು ಸಾಮಾನ್ಯವಾಗಿ ಹೊರಗಿನ ಫ್ಯಾನ್ ಬೆಲ್ಟಿನದು. ಟೈಮಿಂಗ್ ಬೆಲ್ಟ್ ಬಹುಪಾಲು ಸದ್ದಿಲ್ಲದೆ ತುಂಡಾಗುತ್ತದೆ. ಮೆಕ್ಯಾನಿಕ್ ಹೊದಿಕೆ ಬಿಚ್ಚಿದಾಗ ಬಿರುಕು, ಅಂಚಿನಲ್ಲಿ ಎದ್ದ ನೂಲು, ಸವೆದ ಅಥವಾ ಬಿದ್ದುಹೋದ ಹಲ್ಲು, ಆಯಿಲ್ ಜಿನುಗಿದ ಗುರುತು ಇವುಗಳಲ್ಲಿ ಒಂದು ಕಂಡರೂ ಬದಲಿಸತಕ್ಕದ್ದು. ಆಯಿಲ್ ಸೋರಿಕೆಯಿದ್ದಲ್ಲಿ ಮೊದಲು ಸೀಲನ್ನು ಸರಿಪಡಿಸದಿದ್ದರೆ ಹೊಸ ಬೆಲ್ಟೂ ಬಾಳುವುದಿಲ್ಲ. ಬೆಲ್ಟ್ ಒಂದು ಹಲ್ಲು ಜಾರಿದ್ದಲ್ಲಿ ಕಾರು ಸ್ಟಾರ್ಟ್ ಆಗಲು ತಡವಾಗುವುದು, ಎಳೆತ ಕುಗ್ಗುವುದು. ಓಡುತ್ತಿದ್ದ ಕಾರು ಏಕಾಏಕಿ ನಿಂತು, ಕೀ ತಿರುಗಿಸಿದಾಗ ಇಂಜಿನ್ ಎಂದಿಗಿಂತ ಹಗುರವಾಗಿ ತಿರುಗಿದರೂ ಸ್ಟಾರ್ಟ್ ಆಗದಿದ್ದಲ್ಲಿ ಬೆಲ್ಟ್ ತುಂಡಾಗಿರುವ ಸಂಭವವಿದೆ. ಅಂತಹ ಸಂದರ್ಭದಲ್ಲಿ ಮತ್ತೆ ಮತ್ತೆ ಕೀ ತಿರುಗಿಸದೆ, ತಳ್ಳಿ ಸ್ಟಾರ್ಟ್ ಮಾಡಲೂ ಯತ್ನಿಸದೆ, ವಾಹನವನ್ನು ಎಳೆಸಿಕೊಂಡು ಹೋಗತಕ್ಕದ್ದು.

ಹಳೆಯ ಕಾರು ಕೊಳ್ಳುವವರು ಬೆಲ್ಟ್ ಬದಲಿಸಿದ ಬಿಲ್ಲನ್ನು ಕೇಳಿ ಪಡೆಯುವುದು. ಬಾಯಿಮಾತು ಸಾಲದು, ಬಿಲ್ಲು ಇಲ್ಲವಾದಲ್ಲಿ ಬದಲಿಸಿಲ್ಲವೆಂದೇ ಪರಿಗಣಿಸುವುದು ಕ್ಷೇಮ. ಬದಲಿಸುವಾಗ ಟೆನ್ಷನರನ್ನೂ, ಅದೇ ಬೆಲ್ಟಿನಿಂದ ತಿರುಗುವ ವಾಟರ್ ಪಂಪ್ ಇದ್ದಲ್ಲಿ ಅದನ್ನೂ ಒಟ್ಟಿಗೆ ಹಾಕಿಸಿದರೆ ಎರಡು ಬಾರಿ ಕೂಲಿ ತೆರುವುದು ತಪ್ಪುತ್ತದೆ. ಬಿಲ್ಲಿನಲ್ಲಿ ದಿನಾಂಕ ಮತ್ತು ಮೀಟರಿನ ಕಿ.ಮೀ. ಎರಡನ್ನೂ ಬರೆಯಿಸಿಕೊಂಡು ವಾಹನದ ದಾಖಲೆಗಳೊಂದಿಗೆ ಇರಿಸಿಕೊಳ್ಳತಕ್ಕದ್ದು.