ಗೋಡೆಯ ಗೆರೆಯೂ ಗಣಕಯಂತ್ರದ ಲೆಕ್ಕವೂ

2005ರ ಮಹಾಪೂರದಲ್ಲಿ ಇಚಲಕರಂಜಿಯ ನಮ್ಮ ಮನೆಯ ಎರಡನೆಯ ಮೆಟ್ಟಿಲವರೆಗೆ ಪಂಚಗಂಗೆಯ ನೀರು ಬಂದು ನಿಂತಿತ್ತು. ತಂದೆಯವರು ಗೋಡೆಗೆ ಒಂದು ಗೆರೆ ಎಳೆದು ತಾರೀಖು ಬರೆದಿಟ್ಟರು. 2019ರ ಆಗಸ್ಟಿನಲ್ಲಿ ಹೊಳೆ ಮತ್ತೆ ಏರತೊಡಗಿದಾಗ ಆ ಗೆರೆಯನ್ನೇ ನಂಬಿ ನಾವು ಮನೆ ಬಿಡಲಿಲ್ಲ. ಮರುದಿನ ನೀರು ಕಿಟಕಿಯನ್ನು ಮುಟ್ಟಿತು. ವೃದ್ಧ ತಂದೆಯವರನ್ನು ದೋಣಿಯಲ್ಲಿ ಹೊರತರಬೇಕಾಯಿತು. ಗೆರೆ ಹೇಳಿದ್ದು 2005ರ ಮಳೆಯ ಮಾತು. ನಾವು ಅದನ್ನು ಹೊಳೆಯ ಎಲ್ಲೆಯೆಂದು ಭಾವಿಸಿದ್ದೆವು. ಹಾಗಾದರೆ ನೀರಿನ ಏರಿಕೆಯನ್ನು ಮುಂಚಿತವಾಗಿ ಅರಿಯುವುದು ಹೇಗೆ? ಗಣಕಯಂತ್ರದ ಮಾದರಿಯು ಇಲ್ಲಿ ನೆರವಿಗೆ ಬರುತ್ತದೆ.

ಮಾದರಿಯೆಂದರೆ ನದಿಯನ್ನು ಲೆಕ್ಕದಲ್ಲಿ ಕಟ್ಟಿ ನೋಡುವುದು. ಕಾಸಾರಿ, ಕುಂಭಿ, ತುಳಸಿ, ಭೋಗಾವತಿ ನದಿಗಳ ಜಲಾನಯನ ಪ್ರದೇಶದಲ್ಲಿ ಬಿದ್ದ ಮಳೆಯಲ್ಲಿ ಎಷ್ಟು ಇಂಗುತ್ತದೆ, ಎಷ್ಟು ಹರಿದು ಬರುತ್ತದೆ ಎಂಬುದು ಮೊದಲ ಲೆಕ್ಕ. ಮೊದಲೇ ನೆನೆದ ನೆಲದಲ್ಲಿ ನೀರು ಇಂಗುವುದು ಕಡಿಮೆ. ಜಲಾಶಯಗಳಿಂದ ಬಿಡುವ ನೀರನ್ನೂ ಇದಕ್ಕೆ ಕೂಡಿಸಬೇಕು. ಅನಂತರ ನದಿಯ ಪಾತ್ರವನ್ನು ಅಲ್ಲಲ್ಲಿ ಅಡ್ಡಲಾಗಿ ಅಳೆದು ತುಂಡುಗಳಾಗಿ ವಿಂಗಡಿಸುತ್ತಾರೆ. ಪ್ರತಿ ತುಂಡಿಗೂ ಬಂದ ನೀರೆಷ್ಟು, ಹೋದ ನೀರೆಷ್ಟು, ಉಳಿದು ಮಟ್ಟ ಏರಿಸಿದ್ದೆಷ್ಟು ಎಂಬುದನ್ನು ಫ್ರಾನ್ಸಿನ ಸೇಂಟ್ ವೆನಾ 1871ರಲ್ಲಿ ನೀಡಿದ ಸಮೀಕರಣಗಳಿಂದ ಗಣಕವು ಎಣಿಸುತ್ತ ಹೋಗುತ್ತದೆ. ಸೇತುವೆ, ಬಂಧಾರ, ಎತ್ತರಿಸಿದ ರಸ್ತೆ ಎಲ್ಲವೂ ಆ ಲೆಕ್ಕದಲ್ಲಿ ಸೇರಿರಬೇಕು.

ಕೆಳಗಿನ ಕೃಷ್ಣೆಯನ್ನೂ ಮರೆಯುವಂತಿಲ್ಲ. ನೃಸಿಂಹವಾಡಿಯ ಸಂಗಮದಲ್ಲಿ ಕೃಷ್ಣೆ ತುಂಬಿದ್ದರೆ ಪಂಚಗಂಗೆಯ ನೀರು ಸರಾಗವಾಗಿ ಸಾಗಲಾರದೆ ಹಿಂದೆ ನಿಲ್ಲುತ್ತದೆ. ಮಳೆ ನಿಂತರೂ ಪೂರ ಬೇಗ ಇಳಿಯದಿರಲು ಇದೂ ಒಂದು ಕಾರಣ. ಗಡಹಿಂಗ್ಲಜದ ಹಿರಣ್ಯಕೇಶಿಯಾದರೋ ಘಟಪ್ರಭೆಯನ್ನು ಸೇರುವ ನದಿ. ಅದರ ಲೆಕ್ಕವೇ ಬೇರೆ. ಅಲ್ಲಿಯವರು ಕೊಲ್ಹಾಪುರದ ರಾಜಾರಾಮ ಬಂಧಾರದ ಮಟ್ಟವನ್ನು ನೋಡಿ ನೆಮ್ಮದಿ ತಾಳಲಾಗದು.

ಆ ಬಂಧಾರದಲ್ಲಿ 39 ಅಡಿ ಎಚ್ಚರಿಕೆಯ ಮಟ್ಟ, 43 ಅಡಿ ಅಪಾಯದ ಮಟ್ಟ. 2019ರಲ್ಲಿಯೂ 2021ರ ಜುಲೈನಲ್ಲಿಯೂ ನೀರು 55 ಅಡಿಗಳನ್ನು ಮೀರಿತು. ಈ ಅಂಕಿಯಿಂದ ಯಾವ ಓಣಿಗೆ ಎಷ್ಟು ನೀರು ಬರುವುದೆಂದು ತಿಳಿಯದು. ಮಾದರಿಯು ನೆಲದ ಎತ್ತರದೊಡನೆ ಹೋಲಿಸಿ ಅದನ್ನು ನಕ್ಷೆಯಲ್ಲಿ ತೋರಿಸುತ್ತದೆ. ಆದರೆ ಮಳೆಯ ಮುನ್ಸೂಚನೆ ತಪ್ಪಿದರೆ, ಹೊಸ ಕಟ್ಟಡಗಳು ಲೆಕ್ಕಕ್ಕೆ ಬಾರದಿದ್ದರೆ ಉತ್ತರವೂ ತಪ್ಪುತ್ತದೆ. ಆದ್ದರಿಂದಲೇ ಹಳೆಯ ಪೂರದ ಮಳೆಯನ್ನು ಗಣಕಕ್ಕೆ ಕೊಟ್ಟು, ಬಂದ ಉತ್ತರವು ಅಂದಿನ ನೀರಿನ ಗುರುತುಗಳಿಗೆ ತಾಳೆಯಾಗುವುದೋ ಎಂದು ಪರೀಕ್ಷಿಸುತ್ತಾರೆ.

ಗೋಡೆಯ ಗೆರೆಯ ನಿಜವಾದ ಉಪಯೋಗ ಇದೇ. ಶಾಲೆಯ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟು: ನಿಮ್ಮ ಮನೆಗಳ ಪೂರದ ಗುರುತುಗಳನ್ನು ಸುಣ್ಣ ಬಳಿದು ಅಳಿಸಬೇಡಿರಿ, ತಾರೀಖು ಸಹಿತ ಉಳಿಸಿರಿ. ಆದರೆ ಮುಂದಿನ ಪೂರದಲ್ಲಿ ಅವುಗಳನ್ನೇ ನಂಬಿ ಕುಳಿತಿರದೆ, ಎಚ್ಚರಿಕೆ ಬಂದೊಡನೆ ಹಿರಿಯರನ್ನೂ ದನಕರುಗಳನ್ನೂ ಕರೆದುಕೊಂಡು ಹೊರಡಿರಿ.